ಸಹಾಯ ಬೇಕು: ನನ್ನ ಸಂಬಳ ನೋಡಿ ಅಪ್ಪನ ಪಿಂಚಣಿ ತಡೆಯುತ್ತಾರಾ?

ಎಲ್ಲರಿಗೂ ನಮಸ್ಕಾರ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೇನೆ. ಅಪ್ಪ ಅವ್ವ ಯಾದಗಿರಿ ಕಡೆ ನಮ್ಮೂರಲ್ಲೇ ಇದ್ದಾರೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದಲ್ವಾ, ಅದಕ್ಕೇ ಅಪ್ಪನನ್ನು ನಾಡಕಚೇರಿಗೆ ಕಳಿಸಿದ್ದೆ.

ವಯಸ್ಸಿನದೇ ಮೊದಲ ತಕರಾರು. ವೋಟರ್ ಐಡಿಯಲ್ಲಿ 67 ಇದೆ, ಆಧಾರ್ ಮಾಡಿಸುವಾಗ ಯಾರೋ ಅಂದಾಜಿಗೆ ಜನವರಿ 1 ಅಂತ ಹಾಕಿ 59 ಮಾಡಿಟ್ಟಿದ್ದಾರೆ. ತಿದ್ದಿಸೋಣ ಅಂದರೆ ಜನನ ಪತ್ರ ಕೇಳುತ್ತಾರೆ. ಅಪ್ಪ ಶಾಲೆ ಮೆಟ್ಟಿಲೇ ಹತ್ತಿದವರಲ್ಲ, ಟಿಸಿಯೂ ಇಲ್ಲ. ಕಲ್ಲು ಹೊತ್ತು ಹೊತ್ತು ಬೆರಳೆಲ್ಲ ಸವೆದು ಹೆಬ್ಬೆಟ್ಟು ಕೂಡ ಮಷೀನಿಗೆ ಹತ್ತುವುದಿಲ್ಲ.

ಇದಕ್ಕಿಂತ ಜಾಸ್ತಿ ತಲೆಬಿಸಿ ರೇಷನ್ ಕಾರ್ಡಿನದು. ಅದರಲ್ಲಿ ನನ್ನ ಹೆಸರು ಇನ್ನೂ ಇದೆ, ನನಗೆ ಪಿಎಫ್, ಇಎಸ್‌ಐ ಕಟ್ ಆಗುತ್ತದೆ, ವರ್ಷದ ಲೆಕ್ಕ ಹಿಡಿದರೆ ಬಿಪಿಎಲ್‌ನ 1.20 ಲಕ್ಷದ ಮಿತಿ ದಾಟುತ್ತದೆ. ಬಾಡಿಗೆ, ಊಟ ಕಳೆದು ಊರಿಗೆ ಎಷ್ಟು ಹೋಗುತ್ತದೆ ಅಂತ ಇಲ್ಲಿರುವವರಿಗೆ ನಾನೇನು ಹೇಳಲಿ ಬಿಡಿ. ಹೆಸರು ತೆಗೆಸು ಅಂತ ಒಬ್ಬರು, ಸುಮ್ನೆ ಕೈ ಹಾಕಬೇಡ, ಕಾರ್ಡೇ ರದ್ದಾಗುತ್ತೆ ಅಂತ ಇನ್ನೊಬ್ಬರು. ಅವ್ವನ ಗೃಹಲಕ್ಷ್ಮಿಯ 2,000 ಕೂಡ ಅದೇ ಕಾರ್ಡಿನ ಮೇಲೆ ಬರೋದು.

ಬೇರೆ ಊರಲ್ಲಿ ದುಡಿಯುವ ಮಗನ ಸಂಬಳವನ್ನು ಅಪ್ಪನ ಪಿಂಚಣಿಗೆ ಲೆಕ್ಕ ಹಿಡಿಯುತ್ತಾರಾ? ಓದದವರ ಆಧಾರ್ ವಯಸ್ಸು ಯಾವ ದಾಖಲೆ ಕೊಟ್ಟು ತಿದ್ದಿಸಿದಿರಿ? ಏಜೆಂಟರ ನಂಬರ್ ಬೇಡ. ಯಾದಗಿರಿ, ರಾಯಚೂರು ಕಡೆಯ ಅಣ್ಣಂದಿರು, ಅಕ್ಕಂದಿರು ಇತ್ತೀಚೆಗೆ ಮಾಡಿಸಿದ್ದರೆ ದಯವಿಟ್ಟು ಕಮೆಂಟಿನಲ್ಲಿ ತಿಳಿಸಿ.