ಸರ್ವರ್ ಆಫ್ ಮಾಡ್ದೇನೇ ಡಿಸ್ಕ್ ಚೇಂಜ್ ಮಾಡ್ಬೋದಾ? ರೇಡ್ 5, ಒಂದು ಡಿಸ್ಕ್ ಹೋಗಿದೆ

ಪೀಣ್ಯ_ಐಟಿ:
ನಮಸ್ಕಾರ ಎಲ್ರಿಗೂ. ನಮ್ ಫ್ಯಾಕ್ಟರಿಲಿ ಇರೋದೇ ಒಂದು 2ಯು (ರ‍್ಯಾಕಲ್ಲಿ ಎರಡು ಖಾನೆ ಎತ್ತರದ್ದು) ಸರ್ವರ್ರು, ಟ್ಯಾಲಿ, ಸ್ಟಾಕು, ಫೈಲ್ ಶೇರು ಎಲ್ಲಾ ಅದ್ರ ತಲೆ ಮೇಲೆ. 4 ಟಿಬಿದು ನಾಲ್ಕು ಎಸ್‌ಎಎಸ್ (ಸರ್ವರ್‌ಗೆ ಅಂತ ಬರೋ ಥರದ್ದು) ಡಿಸ್ಕು, ರೇಡ್ 5, ಅಂದ್ರೆ ಒಂದು ಡಿಸ್ಕ್ ಹೋದ್ರೂ ಡೇಟಾ ಉಳಿಯೋ ಹಂಗೆ ನಾಲ್ಕನ್ನೂ ಸೇರಿಸಿರೋದು. ಬೆಳಿಗ್ಗೆ ಬಂದು ನೋಡಿದ್ರೆ ಒಂದ್ರಲ್ಲಿ ಕೇಸರಿ ಲೈಟು, ಡಿಸ್ಕ್‌ಗಳನ್ನ ನೋಡ್ಕೊಳೋ ಕಂಟ್ರೋಲರ್ ಕಾರ್ಡು ಡಿಗ್ರೇಡೆಡ್ (ಒಂದು ಡಿಸ್ಕ್ ಕಮ್ಮಿ) ಅಂತಿದೆ, ಆದ್ರೂ ಕೆಲಸ ನಡೀತಿದೆ. 20ನೇ ತಾರೀಕು ಜಿಎಸ್‌ಟಿ 3ಬಿ ಫೈಲ್ ಆಗೋ ತನಕ ಆಫ್ ಮಾಡೋ ಮಾತೇ ಎತ್ಬೇಡ ಅಂತಾರೆ ಓನರ್ರು. ಓಡ್ತಿರುವಾಗ್ಲೇ ಎಳೆದು ಹೊಸದು ಹಾಕ್ಬೋದಾ? ರ‍್ಯಾಮೂ ಸಾಲ್ತಿಲ್ಲ, ಅದನ್ನೂ ಹಂಗೇ ಹಾಕ್ಬೋದಾ?

ರ‍್ಯಾಕ್‌ಮನೆ:
ಡಿಸ್ಕ್ ಹಾಕ್ಬೋದು, ರ‍್ಯಾಮ್ ಬೇಡ್ವೇ ಬೇಡ. ಮಾಮೂಲಿ 2ಯು ಬಾಕ್ಸಲ್ಲಿ ಓಡ್ತಿರುವಾಗ ರ‍್ಯಾಮ್ ಮುಟ್ಟಿದ್ರೆ ಬೋರ್ಡೇ ಹೋಗ್ಬೋದು, ಅದು ಕೆಲವು ದೊಡ್ಡ ಮಷೀನಲ್ಲಿ ಮಾತ್ರ ಇರೋ ಸೌಕರ್ಯ. ಹಿಡಿ, ಲಾಚ್ ಬಣ್ಣ ನೋಡಿದ್ರೂ ಅಂದಾಜಾಗತ್ತೆ. ಡೆಲ್‌ನಲ್ಲಿ ಇಟ್ಟಿಗೆ ಬಣ್ಣ, ಎಚ್‌ಪಿಲಿ ಮರೂನ್ ಇದ್ರೆ ಓಡ್ತಿರುವಾಗ ತೆಗೀಬೋದು ಅಂತ, ನೀಲಿ ಇದ್ರೆ ಆಫ್ ಮಾಡಿ ಮುಟ್ಟೋದು.

ಭಾನುವಾರದ_ಬ್ಯಾಕಪ್:
ಯಾಕೆ ರಿಸ್ಕು ಗುರು, ಭಾನುವಾರ ಶಟ್‌ಡೌನ್ ಮಾಡಿ ಆರಾಮಾಗಿ ಹಾಕಿ.

ಧಾರವಾಡ_ಫೇಡಾ:
ಭಾನುವಾರದ ತನಕಾ ಕಾಯಬ್ಯಾಡ್ರಿ. ರೇಡ್ 5 ಒಂದ ಡಿಸ್ಕ್ ಹೋದ್ರ ತಡಕೋತೈತಿ, ಎರಡನೇದು ಹೋತಂದ್ರ ಡೇಟಾ ಎಲ್ಲಾ ಹೋತು. ಮತ್ತ ವರ್ಷಗಟ್ಲೆ ನಿಲ್ಲದ ತಿರಗಿದ ಡಿಸ್ಕು ಒಮ್ಮೆ ತಣ್ಣಗಾತಂದ್ರ ವಾಪಸ್ ತಿರಗೂದs ಇಲ್ಲ, ಅಂಥಾವು ಅದಾವ್ರೀ. ಹಂಗಾಗಿ ಇಲ್ಲೆ ಆಫ್ ಮಾಡೂದs ಜಾಸ್ತಿ ರಿಸ್ಕು. ಮೊದಲ ಬ್ಯಾಕಪ್ ತಗೋರಿ, ಅದನ್ನ ಬ್ಯಾರೆ ಮಷೀನದಾಗ ಒಮ್ಮೆ ತಗದು ನೋಡ್ರಿ, ಆಮ್ಯಾಲೆ ಡಿಸ್ಕಿಗೆ ಕೈ ಹಚ್ರಿ.

ಪೀಣ್ಯ_ಐಟಿ:
ಥ್ಯಾಂಕ್ಸ್ ಸರ್. ಆದ್ರೆ ಸಾಫ್ಟ್‌ವೇರಲ್ಲಿ ಹೋಗಿರೋ ಡಿಸ್ಕು ಬೇ (ಡಿಸ್ಕ್ ಕೂರೋ ಖಾನೆ) 2 ಅಂತಿದೆ, ಎದುರುಗಡೆ ನಂಬರ್ ಸ್ಟಿಕ್ಕರ್ ಹೋಗ್ಬಿಟ್ಟಿದೆ, ಎಡದಿಂದ ಎರಡನೇದಾ ಮೂರನೇದಾ?

ರ‍್ಯಾಕ್‌ಮನೆ:
ಇಲ್ಲೇ ನೋಡಿ ಜನ ಎಡವೋದು, ಬೇ ನಂಬರ್ ಸುಮಾರು ಕಡೆ 0ಯಿಂದ ಶುರು ಆಗತ್ತೆ. ಎಣಿಸೋಕೆ ಹೋಗ್ಬೇಡಿ. ಕಂಟ್ರೋಲರ್ ಸಾಫ್ಟ್‌ವೇರಲ್ಲಿ ಲೊಕೇಟ್ ಅಥವಾ ಬ್ಲಿಂಕ್ ಅಂತ ಇರತ್ತೆ, ಒತ್ತಿದ್ರೆ ಆ ಡಿಸ್ಕ್ ಲೈಟ್ ಮಿಣುಕತ್ತೆ, ಸೀರಿಯಲ್ ನಂಬರ್ ಬರ್ಕೊಂಡು ಎಳೆದ ಮೇಲೆ ತಾಳೆ ನೋಡಿ. ಚೆನ್ನಾಗಿರೋ ಡಿಸ್ಕ್ ಎಳೆದ್ರೆ ಅರೇ, ಅಂದ್ರೆ ನಾಲ್ಕೂ ಡಿಸ್ಕಿನ ಗುಂಪು, ಆ ಕ್ಷಣಕ್ಕೇ ಬೀಳತ್ತೆ. ಸಾಫ್ಟ್‌ವೇರಲ್ಲೇ ಆಫ್‌ಲೈನ್ ಮಾಡಿ, ಲಾಚ್ ತೆಗ್ದು ಸ್ವಲ್ಪ ಮಾತ್ರ ಹೊರಗೆ ಎಳೆದು ಅರ್ಧ ನಿಮಿಷ ಬಿಡಿ, ತಿರುಗೋದು ನಿಂತ್ಮೇಲೆ ಪೂರ್ತಿ ತೆಗೀರಿ. ಹೊಸದೂ ಎಸ್‌ಎಎಸ್ಸೇ ಆಗ್ಬೇಕು, ಸೈಜು ಅಷ್ಟೇ ಅಥವಾ ಜಾಸ್ತಿ ಇರ್ಲಿ, ಸೆಕ್ಟರ್ ಸೈಜೂ (ಡಿಸ್ಕ್ ಡೇಟಾನ ಎಷ್ಟು ಬೈಟಿನ ತುಂಡಾಗಿ ಇಡತ್ತೆ ಅನ್ನೋದು) ಮ್ಯಾಚ್ ಆಗ್ಬೇಕು, 512 ಇರೋ ಕಡೆ 4ಕೆ ತಂದ್ರೆ ಕಂಟ್ರೋಲರ್ ಒಪ್ಪಲ್ಲ. ಎಸ್‌ಪಿ ರೋಡಲ್ಲಿ ಬಳಸಿದ ಡಿಸ್ಕ್ ತಂದ್ರೆ ಅದ್ರಲ್ಲಿ ಹಳೇ ಅರೇದು ಗುರುತು ಉಳಿದು ಫಾರಿನ್ (ಬೇರೆ ಅರೇದು) ಅಂತ ತೋರಿಸ್ಬೋದು, ಆಗ ಆ ಡಿಸ್ಕಿಂದು ಕ್ಲಿಯರ್ ಮಾಡಿ, ಅಪ್ಪಿತಪ್ಪಿ ಇಂಪೋರ್ಟ್ ಒತ್ಬೇಡಿ.

ಭಾನುವಾರದ_ಬ್ಯಾಕಪ್:
ಓಕೆ, ಫೇಡಾ ಅವ್ರು ಹೇಳಿದ್ದು ಒಪ್ತೀನಿ. ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬೋದು) ಎಷ್ಟೊತ್ತು ಹಿಡಿಯತ್ತೆ ಅನ್ನೋದ್ನೂ ಹೇಳಿ ಅವ್ರಿಗೆ.

ಧಾರವಾಡ_ಫೇಡಾ:
ಸೆಕೆಂಡಿಗೆ 150 ಎಂಬಿ ಅಂತ ಹಿಡದ್ರೂ 4 ಟಿಬಿಗೆ ಏಳೂವರಿ ತಾಸು. ಮಂದಿ ಕೆಲಸ ಮಾಡಾಕತ್ತಿದ್ರ ಇನ್ನೂ ಎಳೀತೈತಿ, ಟ್ಯಾಲಿ ಸ್ಲೋ ಅಂತ ಬೈಸ್ಕೋಬೇಕಾಗ್ತೈತಿ. ಸಂಜಿಕ ಶಿಫ್ಟ್ ಬಿಟ್ಟಮ್ಯಾಲೆ ಹಾಕ್ರಿ. ಮುಂದ ಹೊಸಾ ಸರ್ವರ್ ತಗೊಂಡ್ರ ಎರಡು ಡಿಸ್ಕ್ ಹೋದ್ರೂ ತಡಕೊಳ್ಳೋ ರೇಡ್ 6 ಮಾಡಸ್ರಿ, ಇಷ್ಟ ದೊಡ್ಡ ಡಿಸ್ಕಿಗೆ 5 ಸಾಲಂಗಿಲ್ಲ.

ಪೀಣ್ಯ_ಐಟಿ:
ಆಯ್ತು ಸರ್, ಹಂಗೇ ಮಾಡ್ತೀನಿ. ಇನ್ನೊಂದು, ಹಿಂದೆ ಎರಡು ಪವರ್ ಸಪ್ಲೈ ಇದೆ, ಒಂದ್ರ ಫ್ಯಾನ್ ಕೂಗ್ತಿದೆ, ಅದನ್ನೂ ಅವತ್ತೇ ಬದ್ಲಾಯಿಸ್ಲಾ?

ರ‍್ಯಾಕ್‌ಮನೆ:
ಓಡ್ತಿರುವಾಗ್ಲೇ ಬದ್ಲಾಯಿಸ್ಬೋದು, ಆದ್ರೆ ರೀಬಿಲ್ಡ್ ಮುಗಿಯೋ ತನಕ ಮುಟ್ಬೇಡಿ. ಇನ್ನೊಂದರ ಲೈಟ್ ಹಸಿರಿದ್ಯಾ ನೋಡ್ಕೊಂಡು, ಮೊದ್ಲು ಕೇಬಲ್ ಕಿತ್ತು ಆಮೇಲೆ ಎಳೀರಿ. ವಾಟ್ ಅಷ್ಟೇ ಇರೋದು ತನ್ನಿ. ಎರಡೂ ಒಂದೇ ಯುಪಿಎಸ್‌ಗೆ ಚುಚ್ಚಿದೀರಾ? ಹಂಗಿದ್ರೆ ಅದು ಹೋದ್ರೆ ಎರಡೂ ಒಟ್ಟಿಗೆ ಹೋಗತ್ತೆ.

ಪೀಣ್ಯ_ಐಟಿ:
ಹೌದು ಸರ್, ಒಂದೇ ಸ್ಪೈಕ್‌ಬಸ್ಟರ್‌ಗೆ 😬