ಬಾಖ್ ಟ್ರಿಲ್ ಮೇಲಿನ ಸ್ವರದಿಂದಾನೇ ಶುರು ಮಾಡ್ಬೇಕಾ?

ಪಿಯಾನೋ_ಮೈಸೂರು: ಎಲ್ರಿಗೂ ನಮಸ್ಕಾರ, ಸರಸ್ವತಿಪುರಂನಲ್ಲಿ ಪಿಯಾನೋ ಕಲೀತಿದೀನಿ, ಬಾಖ್ (ಹಳೇ ಕಾಲದ ಜರ್ಮನ್ ಸಂಗೀತಗಾರ) ಪೀಸಲ್ಲಿ ಟ್ರಿಲ್ (ಅಕ್ಕಪಕ್ಕದ ಎರಡು ಸ್ವರಾನ ಬೇಗ ಬೇಗ ಒಂದಾದ್ಮೇಲೊಂದು ನುಡಿಸೋದು) ಗುರುತು ಬಂದಾಗ ಬರೆದಿರೋ ಸ್ವರದಿಂದಾನೇ ಶುರು ಮಾಡ್ತಿದ್ದೆ, ಮೇಡಂ ಅದರ ಮೇಲಿನ ಸ್ವರದಿಂದ ಮಾಡು ಅಂತಾರೆ, ಯಾಕೆ?

ವೀಣೆ_ಮನೆ: ಮೇಡಂ ಹೇಳಿದ್ದು ಸರಿ. ಬಾಖ್ 1720ರಲ್ಲಿ ಮಗ ವಿಲ್ಹೆಲ್ಮ್ ಫ್ರೀಡೆಮಾನ್‌ಗೆ ಅಂತ ಶುರು ಮಾಡಿದ ಪುಸ್ತಕದಲ್ಲೇ ಟ್ರಿಲ್ ಥರದ ಸ್ವರಾಲಂಕಾರಗಳನ್ನ ಹೆಂಗೆ ನುಡಿಸ್ಬೇಕು ಅನ್ನೋ ಪಟ್ಟಿ ಇದೆ, ಟ್ರಿಲ್‌ನ ಹಂಗೇ ಬಿಡಿಸಿ ತೋರಿಸಿದಾರೆ. ಸರಿಯಾಗಿ ತಾಳದ ಪೆಟ್ಟಿಗೆ ಆ ಮೇಲಿನ ಸ್ವರ ಬಿದ್ರೆ ಬಾಸ್ (ಕೆಳಗಿನ ಮಂದ್ರ ಸ್ವರ) ಜೊತೆ ಸ್ವಲ್ಪ ತಿಕ್ಕಾಟ ಆಗಿ ಆಮೇಲೆ ಮೂಲ ಸ್ವರಕ್ಕೆ ಇಳಿದಾಗ ಕಿವಿಗೆ ಹಾಯಾಗುತ್ತೆ ನೋಡಿ, ಅದೇ ಅದರ ಸೊಗಸು.

ಮಂಡ್ಯ_ವಯಲಿನ್: ಹಾರ್ಪ್ಸಿಕಾರ್ಡಲ್ಲಿ (ಬಾಖ್ ಕಾಲದ, ತಂತಿ ಮೀಟೋ ಕೀಲಿಮಣೆ ವಾದ್ಯ) ನಾದ ಬೇಗ ಇಂಗೋಗುತ್ತೆ, ಟ್ರಿಲ್ ಹಾಕಿದ್ರೆ ಉದ್ದದ ಸ್ವರ ಜೀವಂತ ಇರುತ್ತೆ. ನಮ್ ಗಮಕದ ಥರ ಅನ್ಕೊಳ್ಳಿ, ಆದ್ರೆ ಕೀಲಿಮಣೇಲಿ ಜಾರು ಬರಲ್ಲ.

ಪಿಯಾನೋ_ಮೈಸೂರು: ಓ ಹಂಗಾ, ಇವತ್ತೇ ನಿಧಾನಕ್ಕೆ ನುಡಿಸಿ ನೋಡ್ತೀನಿ.