ಅಪ್‌ಡೇಟ್: ಇಂಡಿಕೇಟರ್ ತೆಗೆದು ಬರೀ ಬೆಲೆ ನೋಡುತ್ತಿದ್ದೇನೆ
ಶಾರ್ಟ್ ಟರ್ಮ್ ಟ್ರೇಡಿಂಗ್ ಕಲಿಯಲು ಹಳೆಯ ಪುಸ್ತಕಗಳು ಸಾಕಾ, ಇಂಡಿಕೇಟರ್ (ಬೆಲೆ, ವಾಲ್ಯೂಮ್‌ನಿಂದ ಲೆಕ್ಕ ಹಾಕಿ ಚಾರ್ಟ್‌ನಲ್ಲಿ ತೋರಿಸುವ ಸೂಚಕ) ಬೇಕೇ ಬೇಕಾ ಎಂದು ಆರು ತಿಂಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ನೀವು ಹೇಳಿದ ಹಾಗೆ ಚಾರ್ಟ್ ಓದುವುದರ ಬಗ್ಗೆ ಎಡ್ವರ್ಡ್ಸ್ ಮತ್ತು ಮೆಗೀ ಬರೆದ 1948ರ ಪುಸ್ತಕ ಹಿಡಿದೆ. ಓದು ನಿಧಾನವಾಗಿ ಸಾಗಿತು. ಆದರೆ ಮುರಿದ ಸಪೋರ್ಟ್ (ಬೆಲೆಯ ಇಳಿತ ತಡೆಯುವ ಮಟ್ಟ) ಆಮೇಲೆ ರೆಸಿಸ್ಟೆನ್ಸ್ (ಏರಿಕೆ ತಡೆಯುವ ಮಟ್ಟ) ಆಗುವುದು ಯಾಕೆ ಅಂತ ಅಲ್ಲೇ ಹೊಳೆಯಿತು. ಆ ಮಟ್ಟದಲ್ಲಿ ಕೊಂಡು ಸಿಕ್ಕಿಬಿದ್ದವರು, ಬೆಲೆ ವಾಪಸ್ ಬಂದ ಕೂಡಲೇ ಮಾರಿ ಹೊರಬೀಳಲು ನೋಡುತ್ತಾರೆ, ಅಲ್ವಾ?

ಈಗ ಚಾರ್ಟ್‌ನಲ್ಲಿ ಬೆಲೆ, ವಾಲ್ಯೂಮ್ (ವಹಿವಾಟಿನ ಪ್ರಮಾಣ) ಎರಡೇ. ಕ್ಯಾಂಡಲ್ (ಒಂದು ಅವಧಿಯ ಬೆಲೆ ಏರಿಳಿತ ತೋರಿಸುವ ಪಟ್ಟಿ) ಮುಗಿಯುವ ಮುಂಚೆ ಕೈ ಹಾಕುವುದಿಲ್ಲ. ಆ ಆತುರದಲ್ಲೇ ಜಾಸ್ತಿ ಕಳೆದುಕೊಂಡಿದ್ದೆ. ಒಂದು ಟ್ರೇಡ್‌ನಲ್ಲಿ ಬಂಡವಾಳದ 1% ಮಾತ್ರ ರಿಸ್ಕ್, ಗುರಿ ಅದರ ಎರಡರಷ್ಟು. ಹೀಗಾದರೆ 10ರಲ್ಲಿ 4 ಗೆದ್ದರೂ, ಬ್ರೋಕರೇಜ್ ಬಿಟ್ಟು, ಲಾಭವೇ. ಕಳೆದ ತಿಂಗಳು ನಾನು ಗೆದ್ದದ್ದು 3. ಡೈರಿ ಬರೆಯುತ್ತಾ ಮುಂದುವರಿಸಿದ್ದೇನೆ.